ಪುಣೆಯ ಮನೆಗೆ ಸೋಲಾರ್ ಕರೆಂಟೋ, ಸೋಲಾರ್ ಹೀಟರೋ? ಬಿಲ್ ನೋಡಿ, ಬಕೆಟ್ ಎಣಿಸಿ, ಆಮೇಲೆ ದುಡ್ಡು ಹಾಕಿ

ಸೋಲಾರ್ ಹಾಕಿಸಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ ಎಂದು ಕೇಳಿದರೆ ಮಾರುವವರು ಎಲ್ಲರಿಗೂ ಒಂದೇ ಉತ್ತರ ಕೊಡುತ್ತಾರೆ: ಮೂರ್ನಾಲ್ಕು ವರ್ಷ. ಪುಣೆಯ ಒಂದೇ ಗಲ್ಲಿಯ ಎರಡು ಮನೆಗಳಲ್ಲಿ ಅದು ಎರಡೂವರೆ ವರ್ಷವೂ ಆಗಬಹುದು, ಎಂಟು ವರ್ಷವೂ ಆಗಬಹುದು. ಬಿಲ್ಲಿನ ಕೊನೆಯ ಯೂನಿಟ್ ಯಾವ ದರಕ್ಕೆ ಬೀಳುತ್ತದೆ, ಟೆರೇಸ್ ಯಾರ ಹಕ್ಕಿನದು, ದಿನಕ್ಕೆ ಎಷ್ಟು ಬಿಸಿನೀರು ಬೇಕು, ಈ ಮೂರರ ಮೇಲೆ ಎಲ್ಲವೂ ನಿಂತಿದೆ. ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ಇರುವ ಅಣ್ಣತಮ್ಮಂದಿರ ಅನುಭವ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ; ಇಲ್ಲಿ 100 ಯೂನಿಟ್ ದಾಟಿದ ಕೂಡಲೇ ಮುಂದಿನ ಯೂನಿಟ್‌ನ ದರ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ಮೊದಲ ಹೆಜ್ಜೆ: ಹನ್ನೆರಡು ತಿಂಗಳ ಬಿಲ್

ಮಹಾರಾಷ್ಟ್ರದ ವಿದ್ಯುತ್ ಕಂಪನಿ ಮಹಾವಿತರಣದ ಆ್ಯಪ್‌ನಲ್ಲಿ ಗ್ರಾಹಕ ಕ್ರಮಾಂಕ ಹಾಕಿದರೆ ಹಳೆಯ ಬಿಲ್‌ಗಳು ಸಿಗುತ್ತವೆ. ಹನ್ನೆರಡೂ ತಿಂಗಳ ಯೂನಿಟ್‌ಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಂದು ತಿಂಗಳ ಬಿಲ್ ನೋಡಿ ತೀರ್ಮಾನಕ್ಕೆ ಬರಬೇಡಿ. ಏಪ್ರಿಲ್‌ನಲ್ಲಿ ಎ.ಸಿ. ಓಡಿರುತ್ತದೆ, ಮೇ ತಿಂಗಳಲ್ಲಿ ಮಕ್ಕಳ ರಜೆಗೆಂದು ಮನೆಗೆ ಬೀಗ ಹಾಕಿ ಊರಿಗೆ ಹೋಗಿರುತ್ತೀರಿ, ಡಿಸೆಂಬರ್‌ನಲ್ಲಿ ಗೀಸರ್ ಜಾಸ್ತಿ ಓಡುತ್ತದೆ.

ಬಿಲ್ಲು ಮರಾಠಿಯಲ್ಲಿರುತ್ತದೆ. 'ಸ್ಥಿರ ಆಕಾರ' ಎಂಬುದು ತಿಂಗಳ ನಿಗದಿತ ಶುಲ್ಕ; ಸೋಲಾರ್ ಹಾಕಿದರೂ ಅದನ್ನು ಕಟ್ಟಲೇಬೇಕು. 'ವೀಜ ಆಕಾರ' ಮತ್ತು 'ವಹನ ಆಕಾರ' ಯೂನಿಟ್‌ಗೆ ಬೀಳುವಂಥವು, ಇವೆರಡನ್ನೂ ಕೂಡಿಸಿಯೇ ದರ ಲೆಕ್ಕ ಹಾಕಬೇಕು. 'ಇಂಧನ ಸಮಾಯೋಜನ ಆಕಾರ' ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಇದರ ಮೇಲೆ 16% 'ವೀಜ ಶುಲ್ಕ'. ಎಲ್ಲ ಸೇರಿಸಿದರೆ ಮೊದಲ 100 ಯೂನಿಟ್ ಒಂದಕ್ಕೆ ಸುಮಾರು 7 ರೂಪಾಯಿ, 101ರಿಂದ 300ರವರೆಗೆ ಸುಮಾರು 13, 301ರಿಂದ 500ರವರೆಗೆ 16-17, ಅದರಾಚೆ 18ರ ಆಸುಪಾಸು ಬೀಳುತ್ತದೆ. ದರ ಬದಲಾಗುತ್ತಲೇ ಇರುತ್ತದೆ, ಹಾಗಾಗಿ ನಿಮ್ಮ ಲೆಕ್ಕಕ್ಕೆ ಇತ್ತೀಚಿನ ಬಿಲ್ಲಿನ ಅಂಕಿಗಳನ್ನೇ ಹಾಕಿಕೊಳ್ಳಿ.

ಮನೆಗೆ ಬಂದ, ಮನೆಯಿಂದ ಹೊರಗೆ ಹೋದ ಕರೆಂಟ್ ಎರಡನ್ನೂ ಎಣಿಸುವ ನೆಟ್ ಮೀಟರಿಂಗ್‌ನಲ್ಲಿ ಸೋಲಾರ್ ಯೂನಿಟ್‌ಗಳು ನಿಮ್ಮ ಬಳಕೆಯಿಂದ ಕಳೆಯುತ್ತವೆ, ಉಳಿದದ್ದಕ್ಕೆ ಕೆಳಗಿನ ಸ್ಲ್ಯಾಬ್‌ನಿಂದ ದರ ಬೀಳುತ್ತದೆ. ಅಂದರೆ ಸೋಲಾರ್ ಮೊದಲು ಅಳಿಸುವುದು ನಿಮ್ಮ ಅತಿ ದುಬಾರಿ ಯೂನಿಟ್‌ಗಳನ್ನು. ಹಾಗಾಗಿ ಮೊದಲ ಕಿಲೋವ್ಯಾಟ್ ಉಳಿಸಿಕೊಡುವಷ್ಟು ದುಡ್ಡನ್ನು ಮೂರನೆಯದು ಉಳಿಸುವುದಿಲ್ಲ. ಇದನ್ನು ಕೊಟೇಶನ್‌ನಲ್ಲಿ ಯಾರೂ ಬರೆದು ಕೊಡುವುದಿಲ್ಲ.

ಎರಡನೇ ಹೆಜ್ಜೆ: ಎಷ್ಟು ಕಿಲೋವ್ಯಾಟ್

ಪುಣೆಯಲ್ಲಿ ನೆರಳಿಲ್ಲದ ಜಾಗದಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್ ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ, ದಿನಕ್ಕೆ ಸರಾಸರಿ 4 ಯೂನಿಟ್. ಮಾರ್ಚ್-ಮೇನಲ್ಲಿ ದಿನಕ್ಕೆ 5ರ ಹತ್ತಿರ ಹೋಗುತ್ತದೆ, ಜುಲೈ-ಆಗಸ್ಟ್‌ನ ಮೋಡದಲ್ಲಿ 2-3ಕ್ಕೆ ಇಳಿಯುತ್ತದೆ.

ತಿಂಗಳಿಗೆ 250 ಯೂನಿಟ್ ಬಳಸುವ ಮನೆ ತೆಗೆದುಕೊಳ್ಳಿ. ಬಿಲ್ (ಸ್ಥಿರ ಆಕಾರ ಬಿಟ್ಟು) ಸುಮಾರು 700 + 1,950 = 2,650 ರೂಪಾಯಿ. ಮೊದಲ ಕಿಲೋವ್ಯಾಟ್ ತಿಂಗಳಿಗೆ 117 ಯೂನಿಟ್ ಕಳೆಯುತ್ತದೆ, ಎಲ್ಲವೂ 13 ರೂಪಾಯಿಯವು: ತಿಂಗಳಿಗೆ 1,500, ವರ್ಷಕ್ಕೆ 18,000ದ ಉಳಿತಾಯ. ಎರಡನೆಯದು ಉಳಿದ 33 ದುಬಾರಿ ಯೂನಿಟ್ ಅಳಿಸಿ, ಅಗ್ಗದ ಸ್ಲ್ಯಾಬ್‌ಗೆ ಇಳಿಯುತ್ತದೆ: ವರ್ಷಕ್ಕೆ 12,000. ಮೂರನೆಯದಕ್ಕೆ ಅಳಿಸಲು ಹೆಚ್ಚೇನೂ ಉಳಿದಿರುವುದಿಲ್ಲ.

ಹೆಚ್ಚಾದ ಯೂನಿಟ್ ಮುಂದಿನ ತಿಂಗಳಿಗೆ ಜಮಾ ಆಗುತ್ತದೆ. ನೀವು ಊರಿಗೆ ಹೋದ ಮೇ ತಿಂಗಳ ಉತ್ಪಾದನೆ ಹೀಗೆಯೇ ಮಳೆಗಾಲಕ್ಕೆ ಒದಗುತ್ತದೆ. ಆದರೆ ಮಾರ್ಚ್ 31ಕ್ಕೆ ಖಾತೆ ಮುಗಿಯುತ್ತದೆ. ಆಗ ಉಳಿದ ಯೂನಿಟ್‌ಗಳಿಗೆ ಕಂಪನಿ ಕೊಡುವುದು ತೀರಾ ಕಡಿಮೆ ದರ. ಮಾರಿ ಲಾಭ ಮಾಡುತ್ತೇನೆ ಎಂದು ದೊಡ್ಡದು ಹಾಕಿಸುವುದು ಶುದ್ಧ ನಷ್ಟ.

ಈಗ ಖರ್ಚು. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಅಥವಾ ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಬ್ಸಿಡಿ. ಅಲ್ಲಿಗೆ ನಿಲ್ಲುತ್ತದೆ, 5 ಕಿಲೋವ್ಯಾಟ್ ಹಾಕಿದರೂ 78,000ವೇ. ನಿಮಗೆ 2 ಕಿಲೋವ್ಯಾಟ್‌ನ ಕೊಟೇಶನ್ 1,35,000ಕ್ಕೆ ಬಂದರೆ ಕೈಯಿಂದ ಹೋಗುವುದು 75,000, ಮೇಲಿನ ಮನೆಯಲ್ಲಿ ಎರಡೂವರೆ ವರ್ಷದಲ್ಲಿ ವಾಪಸ್. ಅದೇ ತಿಂಗಳಿಗೆ 90 ಯೂನಿಟ್ ಬಳಸುವ ದಂಪತಿಗೆ ವರ್ಷಕ್ಕೆ ಉಳಿಯುವುದು 7,500 ಮಾತ್ರ. 75,000ದ 1 ಕಿಲೋವ್ಯಾಟ್‌ಗೆ ಸಬ್ಸಿಡಿ ಕಳೆದು 45,000 ಹಾಕಿದರೆ ಆರು ವರ್ಷ. ಅಂಥವರು ಹಳೇ ಫ್ರಿಜ್, ಹಳೇ ಫ್ಯಾನ್ ಬದಲಿಸುವುದರಿಂದ ಶುರುಮಾಡುವುದು ಉತ್ತಮ.

ಹಳೆಯ ಕೊಟೇಶನ್ ಕೈಯಲ್ಲಿದ್ದರೆ ಹೊಸದು ಕೇಳಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಪ್ಯಾನೆಲ್ ಮತ್ತು ಹೀಟರ್‌ಗಳ ಮೇಲಿನ ಜಿಎಸ್‌ಟಿ 12ರಿಂದ 5%ಕ್ಕೆ ಇಳಿದಿದೆ.

ಮೂರನೇ ಹೆಜ್ಜೆ: ಟೆರೇಸ್ ಮತ್ತು ನೆರಳು

1 ಕಿಲೋವ್ಯಾಟ್‌ಗೆ 80ರಿಂದ 100 ಚದರ ಅಡಿ ಬೇಕು. 540 ವ್ಯಾಟ್‌ನ ಒಂದು ಪ್ಯಾನೆಲ್ ಸುಮಾರು ಏಳೂವರೆ ಅಡಿ ಉದ್ದ, ಪೌಣೆ ನಾಲ್ಕು ಅಡಿ ಅಗಲ. 2 ಕಿಲೋವ್ಯಾಟ್‌ಗೆ ಇಂಥವು ನಾಲ್ಕು. ಮುಖ ದಕ್ಷಿಣಕ್ಕೆ, ಇಳಿಜಾರು 15ರಿಂದ 18 ಡಿಗ್ರಿ.

ಒಂದು ಪ್ಯಾನೆಲ್‌ನ ಒಂದು ಮೂಲೆಗೆ ನೆರಳು ಬಿದ್ದರೂ ಅದರೊಂದಿಗೆ ಸಾಲಾಗಿ ಜೋಡಿಸಿದ ಉಳಿದವುಗಳ ಉತ್ಪಾದನೆಗೂ ಪೆಟ್ಟು ಬೀಳುತ್ತದೆ. ಮೇ ತಿಂಗಳಲ್ಲಿ ಟೆರೇಸ್ ನೋಡಿ 'ನೆರಳೇ ಇಲ್ಲ' ಎನ್ನುವುದು ಸುಲಭ, ಏಕೆಂದರೆ ಮೇ ನಡುವಿನಲ್ಲಿ ಪುಣೆಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಪರೀಕ್ಷೆ ಇರುವುದು ಡಿಸೆಂಬರ್‌ನಲ್ಲಿ. ಡಿಸೆಂಬರ್ 21ರ ಹಿಂದೆಮುಂದೆ ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಹನ್ನೆರಡೂವರೆಗೆ, ಸಂಜೆ ಮೂರೂವರೆಗೆ ಟೆರೇಸ್‌ಗೆ ಹೋಗಿ ನೀರಿನ ಟ್ಯಾಂಕ್, ಮೆಟ್ಟಿಲ ಕೋಣೆ, ಡಿಶ್ ಕಂಬಗಳ ನೆರಳಿನ ಅಂಚನ್ನು ಚಾಕ್‌ನಿಂದ ಗೆರೆ ಎಳೆಯಿರಿ. ಮೂರು ಗೆರೆಗಳ ಹೊರಗೆ ಉಳಿದದ್ದೇ ನಿಮ್ಮ ನಿಜವಾದ ಜಾಗ. ಡಿಸೆಂಬರ್‌ವರೆಗೆ ಕಾಯಲಾಗದಿದ್ದರೆ ಲೆಕ್ಕ ಹೀಗೆ: ಆ ದಿನ ನಡುಮಧ್ಯಾಹ್ನ ಒಂದು ಮೀಟರ್ ಎತ್ತರದ ವಸ್ತುವಿನ ನೆರಳು ಉತ್ತರಕ್ಕೆ 0.9 ಮೀಟರ್ ಬೀಳುತ್ತದೆ, ನಡುಮಧ್ಯಾಹ್ನಕ್ಕೆ ಮೂರು ಗಂಟೆ ಹಿಂದೆ ಮತ್ತು ಮುಂದೆ ಓರೆಯಾಗಿ 1.8 ಮೀಟರ್ ಚಾಚುತ್ತದೆ. ಅಡ್ಡಿಯ ಎತ್ತರದ ಸುಮಾರು ಎರಡರಷ್ಟು ದೂರ ಬಿಟ್ಟರೆ ನಿಶ್ಚಿಂತೆ. ಪಕ್ಕದ ಖಾಲಿ ಸೈಟನ್ನೂ ಗಮನಿಸಿ. ಅದು ದಕ್ಷಿಣಕ್ಕಿದ್ದು ಅಲ್ಲಿ ನಾಲ್ಕು ಮಹಡಿ ಎದ್ದರೆ ನಿಮ್ಮ ಲೆಕ್ಕವೆಲ್ಲ ಬುಡಮೇಲು.

ಇಲ್ಲಿನ ಟೆರೇಸ್‌ಗಳಿಗೆ ಸಾಮಾನ್ಯವಾಗಿ ಇಟ್ಟಿಗೆ ಚೂರಿನ ಕೋಬಾ ಹಾಕಿ ನೀರು ಸೋರದಂತೆ ಮಾಡಿರುತ್ತಾರೆ. ಸ್ಟ್ಯಾಂಡ್ ಕೂರಿಸಲು ಅದರಲ್ಲಿ ತೂತು ಕೊರೆದರೆ ಮುಂದಿನ ಮಳೆಗಾಲಕ್ಕೆ ಕೆಳಗಿನ ಕೋಣೆಯಲ್ಲಿ ತೇವ ಕಾಣಿಸುತ್ತದೆ. ಕಾಂಕ್ರೀಟ್ ಕಟ್ಟೆ ಕಟ್ಟಿ ಅದರಲ್ಲಿ ಕಾಲುಗಳನ್ನು ಹುಗಿಯಲು ಹೇಳಿ. ಪ್ಯಾನೆಲ್ ಕೆಳಗೆ ಓಡಾಡಲು ಎಂಟು ಅಡಿ ಎತ್ತರದ ಸ್ಟ್ಯಾಂಡ್ ಬೇಕೆಂದರೆ ಗಾಳಿಯ ಎತ್ತುವ ಬಲಕ್ಕೆ ತಕ್ಕಂತೆ ಕಟ್ಟೆ ದಪ್ಪಗಿರಬೇಕು, ಖರ್ಚೂ ಏರುತ್ತದೆ.

ಫ್ಲ್ಯಾಟ್‌ನಲ್ಲಿದ್ದರೆ

ಟೆರೇಸ್ ಸೊಸೈಟಿಯದು. ನಿಮ್ಮೊಬ್ಬರ ಪ್ಯಾನೆಲ್‌ಗೆ ಅದನ್ನು ಕೇಳುವುದು ಜಗಳಕ್ಕೆ ದಾರಿ. ಹತ್ತು ಜನ ಕೇಳಿದರೆ ಹತ್ತೂ ಮನೆಗೆ ಜಾಗವೂ ಸಾಲದು. ಇಲ್ಲಿ ಬುದ್ಧಿವಂತಿಕೆಯ ದಾರಿ ಸೊಸೈಟಿಯ ಸಾಮಾನ್ಯ ಮೀಟರ್. ಲಿಫ್ಟ್, ನೀರಿನ ಪಂಪ್, ಮೆಟ್ಟಿಲ ದೀಪ ಎಲ್ಲ ಒಂದೇ ಮೀಟರ್‌ನಲ್ಲಿ ಓಡುವುದರಿಂದ ತಿಂಗಳಿಗೆ ಸಾವಿರಾರು ಯೂನಿಟ್ ಆಗಿ ಬಹುಪಾಲು ಮೇಲಿನ ಸ್ಲ್ಯಾಬ್‌ಗೇ ಬೀಳುತ್ತದೆ. ಯಾವುದೇ ಮನೆಯ ಮೀಟರ್‌ಗಿಂತ ಇಲ್ಲಿ ಸೋಲಾರ್ ಬೇಗ ದುಡಿಯುತ್ತದೆ. ಸೂರ್ಯ ಘರ್‌ನಲ್ಲಿ ಹೌಸಿಂಗ್ ಸೊಸೈಟಿಯ ಸಾಮಾನ್ಯ ಬಳಕೆಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಬ್ಸಿಡಿಯೂ ಇದೆ. 10 ಕಿಲೋವ್ಯಾಟ್‌ಗೆ 800ರಿಂದ 1,000 ಚದರ ಅಡಿ ಬೇಕು; ವರ್ಷಕ್ಕೆ 14,000 ಯೂನಿಟ್. ವಾರ್ಷಿಕ ಸಭೆಗೆ ಹೋಗುವಾಗ ಸಾಮಾನ್ಯ ಮೀಟರ್‌ನ ಹನ್ನೆರಡು ಬಿಲ್, ಚಾಕ್ ಗೆರೆಯ ಫೋಟೋ, ಮೂರು ಕೊಟೇಶನ್ ಹಿಡಿದು ಹೋಗಿ. ಮೇಲಿನ ಮಹಡಿಯವರು ಮೊದಲು ಕೇಳುವುದು ಸೋರಿಕೆಯ ಬಗ್ಗೆ. ಕಟ್ಟೆಯ ನಕ್ಷೆ ತೋರಿಸಿ ಉತ್ತರ ಕೊಟ್ಟರೆ ಠರಾವು ಪಾಸಾಗುವುದು ಕಷ್ಟವಲ್ಲ.

ನಾಲ್ಕನೇ ಹೆಜ್ಜೆ: ಬಕೆಟ್ ಎಣಿಸಿ

ಸೋಲಾರ್ ವಾಟರ್ ಹೀಟರ್‌ನ ವಿಷಯ ಬೇರೆ. ಇದರ ಲಾಭ ಸ್ನಾನದ ಅಭ್ಯಾಸದ ಮೇಲೆ ನಿಂತಿದೆ. 1 ಲೀಟರ್ ನೀರನ್ನು 1 ಡಿಗ್ರಿ ಬಿಸಿಮಾಡಲು 1.16 ವ್ಯಾಟ್-ಗಂಟೆ ಬೇಕು (1,000 ವ್ಯಾಟ್-ಗಂಟೆ ಎಂದರೆ 1 ಯೂನಿಟ್). 22 ಡಿಗ್ರಿಯ ನೀರನ್ನು 40 ಡಿಗ್ರಿಯ ಹದಕ್ಕೆ ತಂದ 20 ಲೀಟರ್ ಬಕೆಟ್ ಒಂದಕ್ಕೆ 0.42 ಯೂನಿಟ್. ನಾಲ್ವರ ಮನೆಯಲ್ಲಿ ತಲಾ ಒಂದೂವರೆ ಬಕೆಟ್ ಎಂದರೆ 2.5 ಯೂನಿಟ್, ಗೀಸರ್‌ನಲ್ಲಿ ಆರಿಹೋಗುವ ಶಾಖ ಸೇರಿ 2.8. ಷವರ್ ಕೆಳಗೆ ಎಂಟು ನಿಮಿಷ ನಿಂತರೆ ಸುಮಾರು 60 ಲೀಟರ್, ಒಬ್ಬರಿಗೇ ಒಂದೂಕಾಲು ಯೂನಿಟ್. ನಾಲ್ವರಿಗೆ 5 ಯೂನಿಟ್.

ಬಕೆಟ್ ಸ್ನಾನದ ಮನೆ ಹೀಟರ್‌ನಿಂದ ವರ್ಷಕ್ಕೆ ಉಳಿಸುವುದು 600 ಯೂನಿಟ್ ಆಸುಪಾಸು. ಮಳೆಗಾಲದಲ್ಲಿ ಹೀಟರ್ ಅರ್ಧಂಬರ್ಧ ಕಾಯುತ್ತದೆ. ಏಪ್ರಿಲ್-ಮೇನಲ್ಲಿ ಚೆನ್ನಾಗಿ ಕಾದರೂ ಬಿಸಿನೀರು ಯಾರಿಗೂ ಬೇಡ. ಪ್ಯಾನೆಲ್ ಮೇ ತಿಂಗಳಲ್ಲಿ ಮಾಡಿದ ಯೂನಿಟ್ ಜಮಾ ಆಗುತ್ತದೆ, ಹೀಟರ್ ಮೇ ತಿಂಗಳಲ್ಲಿ ಕಾಯಿಸಿದ ನೀರು ಅಲ್ಲೇ ಆರುತ್ತದೆ. 600 ಯೂನಿಟ್ 13 ರೂಪಾಯಿಯವಾದರೆ 7,800. ಹೀಟರ್ ಮತ್ತು ಪೈಪಿಗೆ 30,000 ಖರ್ಚಾದರೆ ನಾಲ್ಕು ವರ್ಷ. 7 ರೂಪಾಯಿಯ ಯೂನಿಟ್ ಆದರೆ ಏಳು ವರ್ಷ. ಹೀಟರ್‌ಗೆ ಕೇಂದ್ರದ ಸಬ್ಸಿಡಿ ಈಗಿಲ್ಲ.

ಗ್ಯಾಸ್ ಗೀಸರ್ ಇದ್ದರೆ ಲೆಕ್ಕ ಇನ್ನೂ ತೆಳ್ಳಗಾಗುತ್ತದೆ. 14.2 ಕಿಲೋ ಸಿಲಿಂಡರ್‌ನಿಂದ ನೀರಿಗೆ ಇಳಿಯುವ ಶಾಖ ಸುಮಾರು 140 ಯೂನಿಟ್‌ನಷ್ಟು. ಸಿಲಿಂಡರ್ 850-900 ರೂಪಾಯಿ ಎಂದರೆ ಯೂನಿಟ್‌ಗೆ 6 ರೂಪಾಯಿ. (ಗ್ಯಾಸ್ ಗೀಸರನ್ನು ಗಾಳಿ ಆಡದ ಬಚ್ಚಲಲ್ಲಿ ಇಡಬೇಡಿ; ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಜೀವಕ್ಕೇ ಅಪಾಯ.)

ಇನ್ನೊಂದು ಎಚ್ಚರ. ಪ್ಯಾನೆಲ್ ಮತ್ತು ಹೀಟರ್ ಎರಡನ್ನೂ ಒಟ್ಟಿಗೆ ಮಾರುವವರು ಗೀಸರ್‌ನ ಯೂನಿಟ್‌ಗಳನ್ನು ಎರಡು ಕಡೆಯೂ ಉಳಿತಾಯವೆಂದು ತೋರಿಸುತ್ತಾರೆ. ಪ್ಯಾನೆಲ್ ಹಾಕಿದ ಮೇಲೆ ಗೀಸರ್ ಓಡುವುದೂ ಪ್ಯಾನೆಲ್‌ನ ಯೂನಿಟ್‌ನಲ್ಲೇ. ಆಗ ಹೀಟರ್ ಉಳಿಸುವುದು ಏಳು ರೂಪಾಯಿಯ ಯೂನಿಟ್‌ಗಳನ್ನು ಮಾತ್ರ, ಹದಿಮೂರರವನ್ನಲ್ಲ. ಟೆರೇಸ್ ಸಾಕಷ್ಟಿರುವ, ನೆಟ್ ಮೀಟರ್ ಸಿಗುವ ಬಂಗಲೆಗೆ ಹೀಟರ್ ಬಿಟ್ಟು ಅರ್ಧ ಕಿಲೋವ್ಯಾಟ್ ಹೆಚ್ಚು ಪ್ಯಾನೆಲ್ ಹಾಕಿಸುವುದೇ ಹೆಚ್ಚಾಗಿ ಸರಿ. ಜಾಗ ಇಕ್ಕಟ್ಟಾಗಿದ್ದು ಬಿಸಿನೀರಿನ ಬಳಕೆ ಜಾಸ್ತಿಯಿದ್ದರೆ, ಅಂದರೆ ಷವರ್, ಬಾಣಂತಿ, ವಯಸ್ಸಾದವರು, ಪಿ.ಜಿ. ನಡೆಸುವ ಮನೆ, ಅಲ್ಲಿ ಹೀಟರ್ ಗೆಲ್ಲುತ್ತದೆ. ಎರಡು-ಮೂರು ಚದರ ಮೀಟರ್ ಜಾಗದಲ್ಲಿ ಅದು ಹಿಡಿಯುವ ಶಾಖ ಅಷ್ಟೇ ಜಾಗದ ಪ್ಯಾನೆಲ್ ಮಾಡುವ ಕರೆಂಟಿನ ಎರಡರಷ್ಟು.

ಅಳತೆ: ದಿನಕ್ಕೆ 100 ಲೀಟರ್‌ನ ಹೀಟರ್ 60 ಡಿಗ್ರಿಗೆ ಕಾಯಿಸಿದ ನೀರಿಗೆ ತಣ್ಣೀರು ಬೆರೆಸಿದರೆ ಸ್ನಾನದ ಹದದ ಹತ್ತು ಬಕೆಟ್ ಆಗುತ್ತದೆ. ರಾತ್ರಿ ಆರುವುದನ್ನು ಕಳೆದರೂ ಒಂಬತ್ತು. ಬಕೆಟ್ ಸ್ನಾನದ ನಾಲ್ವರಿಗೆ 200 ಲೀಟರ್‌ನದು ಬೇಕಿಲ್ಲ.

ನೀರು, ಪೈಪು, ಗಾಳಿಕೊಳವೆ

ಹೀಟರ್ ಕೆಡುವುದು ಹೆಚ್ಚಾಗಿ ನೀರಿನಿಂದ. ವಾಘೋಲಿ, ಉಂಡ್ರಿ, ಹಿಂಜವಡಿ ಕಡೆ ಬೋರ್ ಮತ್ತು ಟ್ಯಾಂಕರ್ ನೀರಿನ ಸೊಸೈಟಿಗಳು ಬಹಳ. ಬೇಳೆ ಬೇಯದ, ಸೋಪಿಗೆ ನೊರೆ ಬಾರದ, ನಲ್ಲಿಯ ಬಾಯಿಗೆ ಬಿಳಿ ಕಟ್ಟುವ ನೀರಾದರೆ ತಾಮ್ರದ ಕೊಳವೆಗಳ ಫ್ಲ್ಯಾಟ್ ಪ್ಲೇಟ್ ಹೀಟರ್‌ನೊಳಗೆ ಎರಡು-ಮೂರು ವರ್ಷದಲ್ಲಿ ಸುಣ್ಣ ಕಟ್ಟಿ ನೀರಿನ ಹರಿವೇ ನಿಲ್ಲುತ್ತದೆ. ಅಂಥಲ್ಲಿ ಗಾಜಿನ ಕೊಳವೆಯ ಹೀಟರ್ ಸರಿ. ಕೊಳವೆ ಬಿಚ್ಚಿ ತೊಳೆಯಬಹುದು. ಟ್ಯಾಂಕಿನೊಳಗಿನ ಮೆಗ್ನೀಸಿಯಂ ಸರಳನ್ನು ವರ್ಷಕ್ಕೊಮ್ಮೆ ನೋಡಿ. ಸವೆದು ತೆಳ್ಳಗಾಗಿದ್ದರೆ ಬದಲಿಸಿ, ಇಲ್ಲದಿದ್ದರೆ ಮುಂದೆ ಸವೆಯುವುದು ಟ್ಯಾಂಕು.

ಗಾಜಿನ ಕೊಳವೆಯ ಸಾಮಾನ್ಯ ಮಾದರಿಗೆ ಪ್ರೆಷರ್ ಪಂಪ್ ಜೋಡಿಸಬೇಡಿ. ರಬ್ಬರ್ ರಿಂಗ್‌ಗಳು ಒತ್ತಡ ತಡೆಯದೆ ಸೋರುತ್ತವೆ. ತಣ್ಣೀರಿನ ಟ್ಯಾಂಕಿನ ತಳ ಹೀಟರ್ ಟ್ಯಾಂಕಿನ ನೆತ್ತಿಗಿಂತ ಮೇಲಿರಬೇಕು. ಹೀಟರ್ ಟ್ಯಾಂಕಿಗೆ ಗಾಳಿ ಆಡಲು ಇರುವ ಗಾಳಿಕೊಳವೆಯ ತುದಿ ತಣ್ಣೀರಿನ ಟ್ಯಾಂಕ್ ತುಂಬಿದಾಗಿನ ಮಟ್ಟಕ್ಕಿಂತ ಮೇಲೆ ಏರಬೇಕು. ಗಿಡ್ಡವಾದರೆ ಅಲ್ಲಿಂದಲೇ ನೀರು ಸುರಿಯುತ್ತದೆ, ಮುಚ್ಚಿಹೋದರೆ ನೀರು ಖಾಲಿಯಾಗುವಾಗ ಒಳಗೆ ನಿರ್ವಾತವಾಗಿ ಟ್ಯಾಂಕ್ ನಜ್ಜುಗುಜ್ಜಾಗುತ್ತದೆ. ನೀರು ಬಾರದೆ ಕೊಳವೆ ಖಾಲಿಯಾಗಿ ಬಿಸಿಲಲ್ಲಿ ಕಾದಿದ್ದರೆ ಮಧ್ಯಾಹ್ನ ತಣ್ಣೀರು ಬಿಡಬೇಡಿ, ಗಾಜು ಸೀಳುತ್ತದೆ. ಸೂರ್ಯ ಮುಳುಗಿದ ಮೇಲೆ ತುಂಬಿಸಿ. ತಿಂಗಳುಗಟ್ಟಲೆ ಊರಿಗೆ ಹೋಗುವಾಗ ಕೊಳವೆಗಳ ಮೇಲೆ ದಪ್ಪ ಬಟ್ಟೆ ಹೊದಿಸಿ.

ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರ್‌ಗೆ ಕಾಲು ಲೀಟರ್ ನೀರು ನಿಂತಿರುತ್ತದೆ. ಟೆರೇಸ್‌ನಿಂದ ಬಚ್ಚಲಿಗೆ 10 ಮೀಟರ್ ಆದರೆ ಎರಡೂವರೆ ಲೀಟರ್ ತಣ್ಣೀರು ಹೋದ ಮೇಲೆ ಬಿಸಿನೀರು, ಪರವಾಗಿಲ್ಲ. ಏಳು ಮಹಡಿಯ ಸೊಸೈಟಿಯ ದಪ್ಪ ಕೊಳವೆಯಲ್ಲಿ ಕೆಳಗಿನ ಮನೆಯವರು ಎರಡು ಬಕೆಟ್ ಹರಿಸಿಬಿಟ್ಟರೂ ಬಿಸಿ ಬರುವುದಿಲ್ಲ, ಕಾಯಲಾರದೆ ಗೀಸರ್ ಹಾಕುತ್ತಾರೆ. ಬಿಲ್ಡರ್ ಹಾಕಿಕೊಟ್ಟ ಹೀಟರ್‌ಗಳು ಎಷ್ಟೋ ಸೊಸೈಟಿಗಳಲ್ಲಿ ಧೂಳು ತಿನ್ನುತ್ತಿರುವುದಕ್ಕೆ ಕಾರಣ ಇದೇ. ಬೆಳಿಗ್ಗೆ ಎರಡು ಗಂಟೆಗಳ ಕಾಲ ನೀರನ್ನು ತಿರುಗಿಸುವ ಸಣ್ಣ ಪಂಪ್, ವಾಪಸ್ ಪೈಪು, ಕೊಳವೆಗೆ ಹೊದಿಕೆ ಹಾಕಿದರೆ ಅವು ಮತ್ತೆ ಕೆಲಸಕ್ಕೆ ಬರುತ್ತವೆ. ಕೆಲಸ ಮಾಡುವ ಸೋಲಾರ್ ವ್ಯವಸ್ಥೆ ಇದ್ದರೆ ಪುಣೆ ಮಹಾನಗರಪಾಲಿಕೆ ಮನೆತೆರಿಗೆಯಲ್ಲಿ ರಿಯಾಯಿತಿಯನ್ನೂ ಕೊಡುತ್ತದೆ, ಕೇಳಿ ಪಡೆಯಿರಿ.

ಕೊಟೇಶನ್‌ನಿಂದ ಮೀಟರ್‌ವರೆಗೆ

ಪ್ಯಾನೆಲ್ ಹಾಕಿಸುವುದೆಂದು ನಿಶ್ಚಯವಾದರೆ ಸೂರ್ಯ ಘರ್ ಪೋರ್ಟಲ್‌ನಲ್ಲಿ ಗ್ರಾಹಕ ಕ್ರಮಾಂಕದಿಂದ ನೋಂದಾಯಿಸಿ, ಅಲ್ಲಿನ ಪಟ್ಟಿಯಲ್ಲಿರುವ ಮೂವರಿಂದ ಕೊಟೇಶನ್ ತರಿಸಿ. ಮೀಟರ್ ಯಾರ ಹೆಸರಿನಲ್ಲಿದೆಯೋ ಅರ್ಜಿಯೂ ಅವರದೇ. ಮಾವನವರ ಹೆಸರಿನಲ್ಲಿದ್ದರೆ ಮೊದಲು ಹೆಸರು ಬದಲಿಸಿಕೊಳ್ಳಿ.

ಕೊಟೇಶನ್‌ನಲ್ಲಿ ಇವು ಬರಹದಲ್ಲಿರಲಿ: ಪ್ಯಾನೆಲ್‌ನ ಕಂಪನಿ, ಮಾದರಿ, ವ್ಯಾಟ್ ಮತ್ತು ಸಂಖ್ಯೆ, ದೇಶದಲ್ಲೇ ತಯಾರಾದ ಸೆಲ್‌ಗಳ 'ಡಿಸಿಆರ್' ಪ್ಯಾನೆಲ್ ಎಂಬ ಖಾತ್ರಿ (ಇಲ್ಲದಿದ್ದರೆ ಸಬ್ಸಿಡಿ ಇಲ್ಲ), ಇನ್ವರ್ಟರ್‌ನ (ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಯ ಎಸಿ ಕರೆಂಟಾಗಿ ಬದಲಿಸುವ ಪೆಟ್ಟಿಗೆ) ವಾರಂಟಿ ವರ್ಷ, 4 ಚದರ ಮಿ.ಮೀ. ತಾಮ್ರದ ಡಿಸಿ ಕೇಬಲ್. ಮಿಂಚಿನ ಸರ್ಜ್ ತಡೆಯುವ ಸಾಧನ. ಮೂರು ಪ್ರತ್ಯೇಕ ಅರ್ಥಿಂಗ್ ಗುಂಡಿ, ಪ್ಯಾನೆಲ್‌ಗೊಂದು, ಇನ್ವರ್ಟರ್‌ಗೊಂದು, ಸಿಡಿಲು ತಡೆಯುವ ಕಂಬಕ್ಕೊಂದು. ನೆಟ್ ಮೀಟರ್ ಖರ್ಚು ಸೇರಿದೆಯೇ. ಐದು ವರ್ಷದ ನಿರ್ವಹಣೆ. ಕೊನೆಯ ಕಂತನ್ನು ನೆಟ್ ಮೀಟರ್ ಕೂತ ಮೇಲೆಯೇ ಕೊಡಿ.

ಪ್ಯಾನೆಲ್ ಕೂತು ನೆಟ್ ಮೀಟರ್ ಬರುವುದು ತಡವಾದಾಗ 'ಸುಮ್ಮನೆ ಆನ್ ಮಾಡೋಣ' ಎನ್ನುವವರಿದ್ದಾರೆ. ಬೇಡ. ಹಳೆಯ ಒಮ್ಮುಖ ಮೀಟರ್‌ಗಳು ಹೊರಗೆ ಹೋಗುವ ಕರೆಂಟನ್ನೂ ಬಳಕೆ ಎಂದೇ ಎಣಿಸಬಹುದು. ಬಿಲ್ ಇಳಿಯುವ ಬದಲು ಏರುತ್ತದೆ.

ಕರೆಂಟ್ ಹೋದಾಗ ಈ ಸೋಲಾರ್ ಕೂಡ ನಿಲ್ಲುತ್ತದೆ. ಲೈನ್‌ಮನ್ ಕಂಬದ ಮೇಲಿರುವಾಗ ನಿಮ್ಮ ಮನೆಯಿಂದ ತಂತಿಗೆ ವಿದ್ಯುತ್ ಹರಿಯಬಾರದೆಂದು ಇನ್ವರ್ಟರ್ ತಾನಾಗಿ ಆರುತ್ತದೆ. ಬೆಳಕು ಬೇಕೇಬೇಕೆಂದರೆ ಬ್ಯಾಟರಿ ಸಹಿತ ಹೈಬ್ರಿಡ್ ಇನ್ವರ್ಟರ್ ಬೇಕು, ಆಗ ಮೇಲಿನ ಎರಡೂವರೆ ವರ್ಷದ ಲೆಕ್ಕ ಹಿಡಿಯುವುದಿಲ್ಲ. ಫ್ಯಾನು, ದೀಪಕ್ಕೆ ಸಾಮಾನ್ಯ ಮನೆ ಇನ್ವರ್ಟರ್ ಇಟ್ಟುಕೊಳ್ಳುವುದೇ ಅಗ್ಗ.

ಆ್ಯಪ್‌ನಲ್ಲಿ ಉತ್ಪಾದನೆಯ ರೇಖೆ ಮಧ್ಯಾಹ್ನ ಹನ್ನೆರಡು-ಒಂದರ ಹೊತ್ತಿಗೆ ಸೊನ್ನೆಗೆ ಬಿದ್ದು ಮತ್ತೆ ಏಳುತ್ತಿದ್ದರೆ ಮೋಡವೆಂದು ಬಿಡಬೇಡಿ. ಬಿಸಿಲು ಚುರುಕಾದಾಗ ಲೈನಿನ ವೋಲ್ಟೇಜ್ ಏರಿ ಇನ್ವರ್ಟರ್ ಕೈಬಿಡುತ್ತಿರುತ್ತದೆ. ಟೆರೇಸ್‌ನಿಂದ ಮೀಟರ್‌ವರೆಗಿನ ಎಸಿ ಕೇಬಲ್ ತೆಳ್ಳಗಿದ್ದರೆ ಇದು ಹೆಚ್ಚು, ದಪ್ಪದ್ದು ಹಾಕಿಸಿ. ಆಮೇಲೂ ಆಗುತ್ತಿದ್ದರೆ ಮಹಾವಿತರಣಕ್ಕೆ ದೂರು ಕೊಡಿ.

ಅಕ್ಟೋಬರ್‌ನಿಂದ ಮೇವರೆಗೆ ಹದಿನೈದು ದಿನಕ್ಕೊಮ್ಮೆ, ಪಕ್ಕದಲ್ಲಿ ಕಟ್ಟಡ ಕೆಲಸ ನಡೆದಿದ್ದರೆ ವಾರಕ್ಕೊಮ್ಮೆ ಪ್ಯಾನೆಲ್ ತೊಳೆಯಿರಿ. ಬೆಳಿಗ್ಗೆ ಬೇಗ, ಮೆತ್ತನೆ ಬಟ್ಟೆ, ಕಾರ್ಪೊರೇಶನ್ ನೀರು; ಬೋರ್ ನೀರು ಒಣಗಿ ಬಿಳಿ ಪದರ ಬಿಡುತ್ತದೆ. ಪಾರಿವಾಳದ ಹಿಕ್ಕೆ ಬಿದ್ದ ಸೆಲ್ ನೆರಳಾಗಿ ಕಾದು ಸುಡಬಹುದು, ಆದ್ದರಿಂದ ಪ್ಯಾನೆಲ್ ಅಡಿಯಲ್ಲಿ ಗೂಡು ಕಟ್ಟದಂತೆ ಸುತ್ತ ಜಾಲರಿ ಹೊಡೆಸಿ.

ಮುಂಬಯಿ, ಗೋವಾದವರಿಗೆ

ಮುಂಬಯಿಯಲ್ಲಿ ಬೆಸ್ಟ್, ಅದಾನಿ, ಟಾಟಾ ದರಪಟ್ಟಿಗಳು ಬೇರೆಬೇರೆ. ಮುಲುಂಡ್, ಭಾಂಡುಪ್, ಠಾಣೆ, ನವಿ ಮುಂಬಯಿ ಮಹಾವಿತರಣದ್ದು. ಲೆಕ್ಕದ ರೀತಿ ಒಂದೇ, ಅಂಕಿ ಬದಲಿಸಿಕೊಳ್ಳಿ. ಎತ್ತರದ ಕಟ್ಟಡಗಳ ನಡುವೆ ನೆರಳಿನ ಪರೀಕ್ಷೆಗೆ ಎರಡು ಪಟ್ಟು ಗಮನ ಕೊಡಿ. ಚಳಿಯೇ ಕಡಿಮೆಯಾದ್ದರಿಂದ ಹೀಟರ್‌ಗೆ ಅಲ್ಲಿ ಕೆಲಸವೂ ಕಡಿಮೆ.

ಗೋವಾದಲ್ಲಿ ಮನೆಬಳಕೆಯ ದರ ಮಹಾರಾಷ್ಟ್ರಕ್ಕಿಂತ ಬಹಳ ಕಡಿಮೆ, ಹಾಗಾಗಿ ದುಡ್ಡು ವಾಪಸ್ ಬರುವುದು ನಿಧಾನ. ವಾಸ್ಕೋದಂಥ ಸಮುದ್ರದ ಪಕ್ಕದ ಊರಲ್ಲಿ ಉಪ್ಪುಗಾಳಿಗೆ ಬಣ್ಣ ಬಳಿದ ಕಬ್ಬಿಣದ ಸ್ಟ್ಯಾಂಡ್ ಕೆಲವೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ, ಅಥವಾ ಬಿಸಿ ಸತುವಿನಲ್ಲಿ ಅದ್ದಿದ ಉಕ್ಕು ಮತ್ತು ಸ್ಟೇನ್‌ಲೆಸ್ ನಟ್-ಬೋಲ್ಟ್ ಕೇಳಿ. ಮಂಗಳೂರು ಹೆಂಚಿನ ಮಾಡಾದರೆ ಕೊಕ್ಕೆಗಳನ್ನು ಕೆಳಗಿನ ಮರದ ಪಕಾಸಿಗೇ ಬಿಗಿಯಬೇಕು, ಹೆಂಚಿನ ಮೇಲೆ ಭಾರ ಕೂರಬಾರದು. ತೆಂಗಿನ ಮರ ದಕ್ಷಿಣಕ್ಕಿದ್ದರೆ ಮರ ಕಡಿಯುವ ಯೋಚನೆ ಬಿಟ್ಟು ಪ್ಯಾನೆಲ್‌ಗೆ ಬೇರೆ ಮೂಲೆ ಹುಡುಕಿ.